ಟ್ರೇಲರ್ ಮೇಲೆ ದೋಣಿ, ಹಿಂದೆ ಮೋಟಾರು: ಕರಾವಳಿಯ ರಸ್ತೆಗೆ ಒಂದು ಸಮಗ್ರ ಮಾರ್ಗದರ್ಶಿ

ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಸಣ್ಣ ಔಟ್‌ಬೋರ್ಡ್ ಮೋಟಾರಿಗೆ ನೀರಿಗಿಂತ ರಸ್ತೆಯೇ ಜಾಸ್ತಿ ಪೆಟ್ಟು ಕೊಡುತ್ತದೆ ಎನ್ನುವವನು ನಾನು. ನೀರಿನಲ್ಲಿ ಓಡುವಾಗ ಅದು ದೋಣಿಯ ಹಿಂದಿನ ಹಲಗೆಗೆ ಒತ್ತಿಕೊಂಡು ಒಂದೇ ಸಮನೆ ತಳ್ಳುತ್ತಿರುತ್ತದೆ. ಟ್ರೇಲರ್ ಮೇಲೆ ಹಾಗಲ್ಲ. ಹಂಪು ಸಿಕ್ಕಿದಾಗಲೆಲ್ಲ ಅಷ್ಟೂ ಭಾರ ಮೇಲಕ್ಕೆ ಎದ್ದು ಕೆಳಕ್ಕೆ ಕುಕ್ಕುತ್ತದೆ. ಆ ಕುಕ್ಕು ಬೀಳುವುದು ಮೋಟಾರನ್ನು ಹಲಗೆಗೆ ಕಚ್ಚಿಸುವ ಎರಡು ಕ್ಲ್ಯಾಂಪ್ ಸ್ಕ್ರೂಗಳ ಮೇಲೆ, ಒಂದು ಬ್ರಾಕೆಟ್ಟಿನ ಮೇಲೆ, ಕೊನೆಗೆ ಆ ಹಲಗೆಯ ಮೇಲೆ.

ನಮ್ಮ ಕಡೆಯ ರಸ್ತೆ ಹೇಗೆ ಅಂತ ಗೊತ್ತಲ್ವಾ? ಮಂಗಳೂರಿನಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 55–60 ಕಿ.ಮೀ. ಚತುಷ್ಪಥ ಏನೋ ಹೌದು. ಆದರೆ ಪೇಟೆ ಬಂದಲ್ಲೆಲ್ಲ ಬ್ಯಾರಿಕೇಡ್ ಇಟ್ಟು ಅಡ್ಡಾದಿಡ್ಡಿ ತಿರುಗಿಸುತ್ತಾರೆ. ಮಳೆಗಾಲ ಮುಗಿಯುವಷ್ಟರಲ್ಲಿ ಸರ್ವಿಸ್ ರಸ್ತೆ ತುಂಬ ಗುಂಡಿ. ಹೆದ್ದಾರಿ ಬಿಟ್ಟು ಸಸಿಹಿತ್ಲು, ಕೋಡಿ ಬೆಂಗ್ರೆ, ಹಂಗಾರಕಟ್ಟೆ ಕಡೆಗೆ ತಿರುಗಿದರೆ ಶಾಲೆಗೊಂದು, ದೇವಸ್ಥಾನಕ್ಕೊಂದು, ಭಜನಾ ಮಂದಿರಕ್ಕೊಂದು ಹಂಪು.

ಇಲ್ಲಿ ಹೇಳುವುದೆಲ್ಲ 2ರಿಂದ 15 ಎಚ್‌ಪಿ ವರೆಗಿನ, ಹಗ್ಗ ಎಳೆದು ಸ್ಟಾರ್ಟ್ ಮಾಡುವ, ಹ್ಯಾಂಡಲ್ ಹಿಡಿದು ತಿರುಗಿಸುವ ಮೋಟಾರುಗಳಿಗೆ. ಗಾಳ ಹಾಕಲಿಕ್ಕೆ, ಹೊಳೆಯಲ್ಲಿ ಸುತ್ತಲಿಕ್ಕೆ ಸಣ್ಣ ಫೈಬರ್ ಅಥವಾ ಅಲ್ಯೂಮಿನಿಯಂ ದೋಣಿ ಇಟ್ಟುಕೊಂಡವರ ಹತ್ತಿರ ಇರುವುದು ಇಂಥದ್ದೇ.

ಬಿಚ್ಚುವುದಾ, ಹಾಗೇ ಬಿಡುವುದಾ?

ಮೊದಲು ತೀರ್ಮಾನ ಆಗಬೇಕಾದದ್ದು ಇದು. ಉತ್ತರ ಮೋಟಾರಿನ ತೂಕದಲ್ಲಿದೆ. 2.5 ಎಚ್‌ಪಿಯ ಫೋರ್ ಸ್ಟ್ರೋಕ್ ಮೋಟಾರು 17–18 ಕೆ.ಜಿ. ಬರುತ್ತದೆ. 6 ಎಚ್‌ಪಿ ಆದರೆ 25ರಿಂದ 28. ಅಷ್ಟರವರೆಗೆ ಒಬ್ಬರೇ ಎತ್ತಬಹುದು, ಹಾಗಾಗಿ ಬಿಚ್ಚಿ ಕಾರಿನೊಳಗೆ ಇಡಿ. ಎರಡನೇ ಮಾತಿಲ್ಲ. ಹಲಗೆ ಉಳಿಯುತ್ತದೆ, ಕಳ್ಳರ ಭಯ ಇಲ್ಲ, ಚಹಾ ಕುಡಿಯಲಿಕ್ಕೆ ಇಳಿದಾಗ ತಿರುಗಿ ತಿರುಗಿ ನೋಡಬೇಕಾಗಿಲ್ಲ.

9.9 ಎಚ್‌ಪಿ ಫೋರ್ ಸ್ಟ್ರೋಕ್ ಅಂದರೆ 40 ಕೆ.ಜಿ. ಆಸುಪಾಸು. 15 ಎಚ್‌ಪಿ 50ರ ಹತ್ತಿರ. ಇದನ್ನು ಪ್ರತಿ ಸಲ ಬಿಚ್ಚಿ ಹಾಕುತ್ತೇನೆ ಎಂದರೆ ಸೊಂಟ ಕೇಳುವುದಿಲ್ಲ. ಜಾರುವ ದಕ್ಕೆಯ ಮೇಲೆ ನಿಂತು ಎತ್ತುವಾಗ ಕೈತಪ್ಪಿದರಂತೂ ರಸ್ತೆಯ ಹಂಪಿಗಿಂತ ದೊಡ್ಡ ನಷ್ಟ. ಇಂಥವನ್ನು ದೋಣಿಯ ಮೇಲೆಯೇ ಬಿಟ್ಟು ಸರಿಯಾಗಿ ಕಟ್ಟಿ.

ಒಂದು ಮಾತು. ಹಿಂದಿನಿಂದ 25 ಕೆ.ಜಿ. ತೆಗೆದು ಕಾರಿಗೆ ಹಾಕಿದರೆ ಟ್ರೇಲರಿನ ತೂಕದ ಲೆಕ್ಕ ಬದಲಾಗುತ್ತದೆ. ಟ್ರೇಲರಿನ ಮೂತಿ ಕಾರಿನ ಕೊಕ್ಕೆಯ ಮೇಲೆ ಹೊರಿಸುವ ಭಾರ ಒಟ್ಟು ತೂಕದ 5ರಿಂದ 10 ಶೇಕಡಾ ಇದ್ದರೆ ಚಂದ. ಮೋಟಾರು, ಟ್ಯಾಂಕು, ಲಂಗರು ಎಲ್ಲ ಹಿಂದೆಯೇ ಇದ್ದು ಮೂತಿ ಹಗುರಾದರೆ 50–60 ವೇಗಕ್ಕೇ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ. ಮೋಟಾರು ಹಿಂದೆ ಇದ್ದರೆ ಟ್ಯಾಂಕು, ಲಂಗರುಗಳನ್ನು ಮುಂದಕ್ಕೆ ಸರಿಸಿ.

ಕಾರಿನಲ್ಲಿ ಮಲಗಿಸುವ ಕ್ರಮ

ನೀರಿನಿಂದ ತೆಗೆದ ಕೂಡಲೇ ಮಲಗಿಸಬೇಡಿ. ಐದು ನಿಮಿಷ ನೆಟ್ಟಗೆ ನಿಲ್ಲಿಸಿ. ಮೋಟಾರಿನ ಕಾಲಿನೊಳಗೆ, ಅಂದರೆ ಎಂಜಿನ್ನಿಗೂ ನೀರು ತಳ್ಳುವ ಫ್ಯಾನಿಗೂ ನಡುವಿನ ಉದ್ದ ಭಾಗದಲ್ಲಿ, ಮತ್ತು ಸಿಲಿಂಡರಿನ ಸುತ್ತ ಉಳಿದ ನೀರು ತಾನಾಗಿ ಇಳಿದು ಹೋಗಬೇಕು. ಮಲಗಿಸುವಾಗ ಎಂಜಿನ್ ಇರುವ ತಲೆಯ ಭಾಗ ಫ್ಯಾನಿನ ಭಾಗಕ್ಕಿಂತ ಎತ್ತರದಲ್ಲಿರಲಿ. ತಲೆ ತಗ್ಗಿದರೆ ಕಾಲಿನಲ್ಲಿ ಉಳಿದ ಉಪ್ಪುನೀರು ಎಕ್ಸಾಸ್ಟ್ ದಾರಿಯಲ್ಲಿ ಸಿಲಿಂಡರಿಗೆ ಇಳಿಯುತ್ತದೆ. ಒಳಗೆ ತುಕ್ಕು ಹಿಡಿಯಲಿಕ್ಕೆ ಒಂದು ರಾತ್ರಿ ಸಾಕು.

ಫೋರ್ ಸ್ಟ್ರೋಕ್ ಆದರೆ ಯಾವ ಮಗ್ಗುಲಿಗೆ ಮಲಗಿಸುವುದು ಎನ್ನುವುದು ಮುಖ್ಯ. ತಪ್ಪು ಮಗ್ಗುಲಿಗೆ ಬಿದ್ದರೆ ಎಂಜಿನ್ ಆಯಿಲ್ ಸಿಲಿಂಡರಿಗೋ ಏರ್ ಇನ್‌ಟೇಕಿಗೋ ಹರಿಯುತ್ತದೆ. ಮತ್ತೆ ಸ್ಟಾರ್ಟ್ ಮಾಡುವಾಗ ಹಗ್ಗ ಕಲ್ಲಿಗೆ ಕಟ್ಟಿದ ಹಾಗೆ ಕೂತುಬಿಡುತ್ತದೆ. ಆಗ ಜೋರು ಮಾಡಿ ಎಳೆಯಬೇಡಿ, ಪ್ಲಗ್ ಬಿಚ್ಚಿ ಆಯಿಲ್ ಹೊರಗೆ ಬಿಡಿ. ಯಾವ ಮಗ್ಗುಲು ಸರಿ ಎನ್ನುವುದು ಮ್ಯಾನ್ಯುಯಲಿನಲ್ಲಿ ಇರುತ್ತದೆ. ಹಲವು ಮೋಟಾರುಗಳಲ್ಲಿ ಸ್ಟಿಕ್ಕರ್ ಅಂಟಿಸಿರುತ್ತಾರೆ, ಇಲ್ಲವೇ ಆ ಬದಿಯಲ್ಲಿ ಊರಲಿಕ್ಕೆ ಸಣ್ಣ ಉಬ್ಬುಗಳಿರುತ್ತವೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಮ್ಯಾನ್ಯುಯಲ್ ಕೈಗೆ ಸಿಗದವರು ಮಾಡೆಲ್ ನಂಬರ್ ಹಾಕಿ ಹುಡುಕಿದರೆ ಸಿಗುತ್ತದೆ. ಹಳೆಯ ಟೂ ಸ್ಟ್ರೋಕಿನಲ್ಲಿ ಈ ತಲೆಬಿಸಿ ಇಲ್ಲ.

ಕೆಳಗೆ ಹಳೆಯ ಹಾಸಿಗೆಯೋ ದಪ್ಪ ಫೋಮೋ ಹಾಕಿ. ಮೋಟಾರು ಹೊರಳದ ಹಾಗೆ ಬೆಲ್ಟು ಕಟ್ಟಿ. ಪೆಟ್ರೋಲ್ ಬಂಕಿನಲ್ಲಿ ಯಾರಾದರೂ "ಎಂತ ಮಾರಾಯ್ರೆ, ಮೋಟಾರಿಗೂ ಸೀಟ್ ಬೆಲ್ಟ್ ಉಂಟಾ?" ಅಂತ ಕೇಳಬಹುದು. ಕೇಳಲಿ ಬಿಡಿ.

ದೋಣಿಯ ಮೇಲೆಯೇ ಒಯ್ಯುವವರಿಗೆ

ಮೋಟಾರಿಗೆ ರಸ್ತೆಯಲ್ಲಿ ಒಳ್ಳೆಯ ಭಂಗಿ ಎಂದರೆ ಕೆಲಸ ಮಾಡುವಾಗಿನ ಭಂಗಿಯೇ, ನೆಟ್ಟಗೆ ಕೆಳಗೆ ಇಳಿಸಿದ್ದು. ಆಗ ಭಾರ ಹಲಗೆಗೆ ಒತ್ತಿಕೊಂಡಿರುತ್ತದೆ. ತೊಂದರೆ ಎಂದರೆ ನೆಲಕ್ಕೂ ಅದರ ಕಾಲಿಗೂ ಇರುವ ಅಂತರ. ಸಮತಟ್ಟಾದ ಜಾಗದಲ್ಲಿ ಅಳೆದು ಒಂದಡಿ ಇದೆ ಎಂದು ಸಮಾಧಾನ ಪಡಬೇಡಿ. ಮನೆಯ ಗೇಟಿನ ಇಳಿಜಾರು ಹತ್ತುವಾಗ, ಹೊಳೆಬದಿಗೆ ಇಳಿದು ಮತ್ತೆ ಮೇಲೆ ಬರುವಾಗ ಟ್ರೇಲರಿನ ಹಿಂಭಾಗ ನೆಲಕ್ಕೆ ಬಾಗುತ್ತದೆ. ಅಲ್ಲಿಯೇ ಮೊನೆ ಉಜ್ಜುವುದು. ನಿಮ್ಮ ದಾರಿಯ ಅತಿ ಕಡಿದಾದ ಜಾಗದಲ್ಲಿ ಒಬ್ಬರನ್ನು ಹಿಂದೆ ನಿಲ್ಲಿಸಿ ನಿಧಾನಕ್ಕೆ ದಾಟಿ ನೋಡಿ. ಅಲ್ಲಿ ಮುಟ್ಟದಿದ್ದರೆ ಮತ್ತೆಲ್ಲೂ ಮುಟ್ಟುವುದಿಲ್ಲ.

ಮುಟ್ಟುತ್ತದೆ ಎಂದಾದರೆ ಎತ್ತಲೇಬೇಕು. ಜಾಸ್ತಿ ಜನ ಎಡವುವುದು ಇಲ್ಲಿ. ಮೋಟಾರು ಎತ್ತಿದಾಗ ಟಕ್ ಎಂದು ಕೂರುವ ಆ ಸಣ್ಣ ಲಿವರ್ ಇದೆಯಲ್ಲ, ಅದು ಇರುವುದು ದೋಣಿ ನಿಂತಿರುವಾಗ ಫ್ಯಾನನ್ನು ನೀರಿನಿಂದ ಮೇಲೆ ಹಿಡಿಯಲಿಕ್ಕೆ. ರಸ್ತೆಯ ಕುಲುಕಾಟ ತಡೆಯಲಿಕ್ಕೆ ಅಲ್ಲ. ಟ್ರೇಲರ್ ಎಳೆಯುವಾಗ ಅದನ್ನು ನೆಚ್ಚಿಕೊಳ್ಳಬೇಡಿ ಅಂತ ಮೋಟಾರಿನ ಮ್ಯಾನ್ಯುಯಲುಗಳೇ ಹೇಳುತ್ತವೆ. ಒಂದು ದೊಡ್ಡ ಗುಂಡಿಗೆ ಅದು ಜಾರಿ, 40 ಕೆ.ಜಿ. ಒಮ್ಮೆಲೇ ಕೆಳಗೆ ಬಡಿಯಬಹುದು. ಜಾರದಿದ್ದರೂ ಬ್ರಾಕೆಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ಅದು ಮುಂದೆಂದೋ ಅಳಿವೆಬಾಗಿಲ ಅಲೆಗಳ ನಡುವೆ ಕೈಕೊಡಬಹುದು.

ಇದಕ್ಕೆ ಮದ್ದು ಒಂದು ಊರುಗೋಲು. ಟ್ರಾನ್ಸಮ್ ಸೇವರ್ ಎಂಬ ಹೆಸರಿನಲ್ಲಿ ಮಾರುತ್ತಾರೆ, ಟ್ರಾನ್ಸಮ್ ಅಂದರೆ ದೋಣಿಯ ಹಿಂದಿನ ಹಲಗೆ. ಕೆಳಗಿನ ತುದಿ ಟ್ರೇಲರಿನ ಹಿಂದಿನ ರೋಲರಿಗೋ ಅಡ್ಡಪಟ್ಟಿಗೋ ಕೂರುತ್ತದೆ, ಮೇಲಿನ ತುದಿಯಲ್ಲಿ ರಬ್ಬರ್ ಹಾಕಿದ ವಿ ಆಕಾರದ ಕವಲು ಇರುತ್ತದೆ. ಸಣ್ಣ ಮೋಟಾರಿಗೆ ಅಳತೆ ಸಿಗದಿದ್ದರೆ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಕಬ್ಬಿಣದ ಪೈಪಿನಿಂದ ಮಾಡಿಸಿಕೊಳ್ಳಬಹುದು. ಕಷ್ಟದ ಕೆಲಸ ಅಲ್ಲ.

ಕೂರಿಸುವುದು ಹೀಗೆ. ಮೋಟಾರನ್ನು ಪೂರ್ತಿ ಎತ್ತಬೇಡಿ. ನೆಲದಿಂದ ಬೇಕಾದಷ್ಟು ಅಂತರ ಸಿಗುವವರೆಗೆ ಮಾತ್ರ ಎತ್ತಿ. ಕವಲನ್ನು ಕಾಲಿನ ಕೆಳಭಾಗಕ್ಕೆ, ಫ್ಯಾನಿನ ಮೇಲಿರುವ ಅಡ್ಡ ತಟ್ಟೆಗಿಂತ ಮೇಲೆ ಕೊಡಿ. ತಟ್ಟೆಗೇ ಕೊಟ್ಟರೆ ಅದು ಮುರಿಯುತ್ತದೆ. ಮೋಟಾರಿನ ಭಾರ ಪೂರ್ತಿ ಕೋಲಿನ ಮೇಲೆ ಇಳಿಯುವವರೆಗೆ ಮೆಲ್ಲಗೆ ಇಳಿಸಿ. ಈಗ ರ್‍ಯಾಚೆಟ್ ಬೆಲ್ಟನ್ನು (ಹಿಡಿ ಆಡಿಸಿದಷ್ಟೂ ಹಲ್ಲು ಹಲ್ಲಾಗಿ ಬಿಗಿಯುವಂಥದ್ದು) ಕಾಲಿಗೆ ಒಂದು ಸುತ್ತು ಹಾಕಿ, ಟ್ರೇಲರಿನ ಚೌಕಟ್ಟಿಗೆ ಕೊಕ್ಕೆ ಸಿಕ್ಕಿಸಿ, ಕೆಳಮುಖವಾಗಿ ಬಿಗಿಯಿರಿ. ಮೋಟಾರಿನ ತಲೆಗೆ ಕೈಯಿಟ್ಟು ಜೋರಾಗಿ ಅಲ್ಲಾಡಿಸಿ ನೋಡಿ. ಮೋಟಾರು ಮಾತ್ರ ಅಲುಗಿದರೆ ಇನ್ನೂ ಸಡಿಲ. ಇಡೀ ಟ್ರೇಲರ್ ಅಲುಗಿದರೆ ಸರಿ. ಬೈಕಿಗೆ ಕಟ್ಟುವ ಎಲಾಸ್ಟಿಕ್ ಹಗ್ಗ ಇಲ್ಲಿ ಬೇಡವೇ ಬೇಡ. ಅದು ಕುಣಿತವನ್ನು ತಡೆಯುವುದಿಲ್ಲ, ಹೆಚ್ಚಿಸುತ್ತದೆ.

ದೋಣಿಯೂ ಟ್ರೇಲರಿಗೆ ಹಿಂದಿನಿಂದ ಗಟ್ಟಿಯಾಗಿ ಕಟ್ಟಿರಬೇಕು. ಇಲ್ಲದಿದ್ದರೆ ದೋಣಿ ಎದ್ದಾಗ ಕೋಲು ಜಾರಿ ಬಿದ್ದುಹೋಗುತ್ತದೆ.

ಹ್ಯಾಂಡಲ್ ಅತ್ತಿತ್ತ ಆಡದಿರಲಿ. ಸ್ಟಿಯರಿಂಗ್ ಬಿಗಿ ಮಾಡುವ ಸ್ಕ್ರೂ ಇದ್ದರೆ ತಿರುಗಿಸಿ, ಮೇಲೆ ಒಂದು ಹಗ್ಗದಿಂದ ಎರಡೂ ಬದಿಗೆ ಕಟ್ಟಿ. ಕೊನೆಗೆ ಕ್ಲ್ಯಾಂಪ್ ಸ್ಕ್ರೂಗಳನ್ನು ಕೈಯಿಂದಲೇ ಬಿಗಿ ಮಾಡಿ. ಸ್ಪಾನರ್ ಹಾಕಿ ತಿರುಗಿಸಿದರೆ ಫೈಬರ್ ಒಳಗೆ ಕುಸಿಯುತ್ತದೆ. ಎರಡೂ ಸ್ಕ್ರೂ ಹಿಡಿಗಳನ್ನು ಒಟ್ಟಿಗೆ ಸೇರಿಸಿ ಬೀಗ ಹಾಕಿದರೆ ತಿರುಗುವುದಿಲ್ಲ, ಕಳವೂ ಆಗುವುದಿಲ್ಲ. ಮೋಟಾರಿನ ಬ್ರಾಕೆಟ್ಟಿನಿಂದ ದೋಣಿಯ ಒಳಗಿನ ಕೊಂಡಿಗೆ ಒಂದು ಚೈನ್ ಅಥವಾ ಗಟ್ಟಿ ಹಗ್ಗ ಇದ್ದೇ ಇರಲಿ. ಸ್ಕ್ರೂ ಬಿಟ್ಟರೂ ಮೋಟಾರು ಹಿಂದಿನ ಬೈಕಿನವನ ಮೇಲೆ ಬೀಳಬಾರದು.

ಹಲಗೆಯ ಬಗ್ಗೆಯೂ ಯೋಚಿಸಿ. ಫೈಬರ್ ದೋಣಿಯ ಹಿಂದಿನ ಹಲಗೆ ಅಂದರೆ ಬಹಳ ಸಲ ಫೈಬರ್ ಹೊದಿಸಿದ ಪ್ಲೈವುಡ್. ಬೋಲ್ಟಿನ ತೂತಿನಿಂದ ಮಳೆನೀರು ಇಳಿದು ಒಳಗೆ ಲಡ್ಡಾಗುತ್ತದೆ, ಹೊರಗಿನಿಂದ ಹೊಸದರ ಹಾಗೆಯೇ ಕಾಣುತ್ತದೆ. ಸಣ್ಣ ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ಬಡಿದು ನೋಡಿ. ಗಟ್ಟಿ ಜಾಗದಲ್ಲಿ ಠಣ್ ಅನ್ನುತ್ತದೆ, ಕೊಳೆತಲ್ಲಿ ದಬ್ ಅನ್ನುತ್ತದೆ. ದಬ್ ಎಂದರೆ ರಿಪೇರಿ ಆಗುವವರೆಗೆ ಮೋಟಾರು ಅದರ ಮೇಲೆ ಇಡಬೇಡಿ.

ಪೆಟ್ರೋಲು

ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ಹೊರಡುವ ಮುಂಚೆ ಮುಚ್ಚಿ. ಮೋಟಾರಿಗೆ ಹೋಗುವ ಪೈಪನ್ನು ಮೋಟಾರಿನ ಬದಿಯಿಂದ ಕಳಚಿ. ಇಲ್ಲದಿದ್ದರೆ ಬಿಸಿಲಿಗೆ ಟ್ಯಾಂಕಿನಲ್ಲಿ ಒತ್ತಡ ಏರಿ ಪೆಟ್ರೋಲ್ ಮೋಟಾರಿನೊಳಗೆ ನುಗ್ಗಿ ಸೋರುತ್ತದೆ. ಮೋಟಾರಿನ ತಲೆಯಲ್ಲೇ ಟ್ಯಾಂಕ್ ಇರುವ 2–3 ಎಚ್‌ಪಿಯದ್ದಾದರೆ ನೀರಿನಲ್ಲಿರುವಾಗಲೇ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರ್ ಖಾಲಿ ಮಾಡಿ. ಮೋಟಾರು ಕಾರಿನಲ್ಲಿ ಹೋಗುವುದಾದರೆ ಆ ಟ್ಯಾಂಕೂ ಖಾಲಿ ಇರಬೇಕು. ಪೆಟ್ರೋಲ್ ಟ್ಯಾಂಕನ್ನು ಮುಚ್ಚಿದ ಕಾರಿನೊಳಗೆ ಇಟ್ಟುಕೊಂಡು ಎಸಿ ಹಾಕಿ ಹೋಗುವವರು ಇದ್ದಾರೆ. ದಯವಿಟ್ಟು ಬೇಡ. ಅದರ ಜಾಗ ದೋಣಿಯಲ್ಲಿ, ತೆರೆದ ಗಾಳಿಯಲ್ಲಿ, ಅಲುಗದ ಹಾಗೆ ಕಟ್ಟಿ.

ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾದವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮಲ್ಲಿ ತೇವಕ್ಕೆ ಬರವಿಲ್ಲ. ನೀರು ಜಾಸ್ತಿ ಸೇರಿದರೆ ಎಥನಾಲೂ ನೀರೂ ಒಟ್ಟಿಗೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತವೆ. ಮೋಟಾರು ಮೊದಲು ಹೀರುವುದು ಅದನ್ನೇ. ಆದ್ದರಿಂದ ಬೇಕಾದಷ್ಟೇ ಹಾಕಿಸಿ. ಉಳಿದದ್ದನ್ನು ಬೇಗ ಖಾಲಿ ಮಾಡಿ, ತಿಂಗಳುಗಟ್ಟಲೆ ಇಡಬೇಡಿ.

ಹೊರಡುವಾಗ ಮತ್ತು ದಾರಿಯಲ್ಲಿ

ಮೇಲಿನ ಕವರಿನ ಲಾಕ್ ಕೂತಿದೆಯಾ ಎಂದು ಕೈಯಿಂದ ಎತ್ತಿ ನೋಡಿ. ಅರ್ಧ ಕೂತ ಕವರ್ ಹೆದ್ದಾರಿಯ ಗಾಳಿಗೆ ಹಾರಿಹೋಗುತ್ತದೆ, ಒಂದು ಕವರಿನ ರೇಟು ಕೇಳಿದವರಿಗೆ ಗೊತ್ತು. ಬಟ್ಟೆಯ ಹೊದಿಕೆ ಹಾಕುವವರು ಅದರ ಬಾಯಿ ಬಿಗಿಯಾಗಿ ಕಟ್ಟಿ, ಇಲ್ಲವೇ ತೆಗೆದುಬಿಡಿ. ಪಟಪಟ ಬಡಿಯುವ ಹೊದಿಕೆ ದಾರಿ ಮುಗಿಯುವಷ್ಟರಲ್ಲಿ ಪೇಂಟನ್ನು ಉಜ್ಜಿ ಹಾಕಿರುತ್ತದೆ. ಫ್ಯಾನಿಗೆ ಹಳೆಯ ಗೋಣಿ ಸುತ್ತಿ, ಮೇಲೆ ಕೆಂಪು ಬಟ್ಟೆ ಕಟ್ಟಿ. ಟ್ರೇಲರಿನ ದೀಪ ಮೋಟಾರಿನ ಹಿಂದೆ ಮರೆಯಾಗಬಾರದು.

ಮೊದಲ 10–15 ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ. ಹೊಸದಾಗಿ ಕಟ್ಟಿದ ಬೆಲ್ಟು ಅಷ್ಟರಲ್ಲಿ ಒಂದೆರಡು ಹಲ್ಲು ಸಡಿಲವಾಗಿರುತ್ತದೆ. ಕ್ಲ್ಯಾಂಪ್, ಬೆಲ್ಟು, ಕೋಲು ಮುಟ್ಟಿ ನೋಡಿ. ಹಾಗೇ ಟ್ರೇಲರಿನ ಚಕ್ರದ ನಡುವಿನ ಗುಂಬಕ್ಕೂ, ಅಂದರೆ ಹಬ್ಬಿಗೂ, ಕೈ ತಾಗಿಸಿ, ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ರಿಪೇರಿ ಕೇಳುತ್ತಿದೆ ಎಂದರ್ಥ.

ಹೊಳೆಬದಿಯಲ್ಲಿ

ಹಬ್ಬು ಬಿಸಿ ಇರುವಾಗಲೇ ಟ್ರೇಲರನ್ನು ನೀರಿಗೆ ಇಳಿಸಿದರೆ ಬೇರಿಂಗು ಉಪ್ಪುನೀರು ಎಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ಬಿಡಿ. ಅಷ್ಟರಲ್ಲಿ ಮೋಟಾರಿನ ಬೆಲ್ಟು, ಕೋಲು ಬಿಚ್ಚಿ, ಪೂರ್ತಿ ಎತ್ತಿ ಲಾಕ್ ಮಾಡಿ. ಆ ಲಿವರಿನ ಕೆಲಸ ಈಗ. ಹಿಮ್ಮುಖ ಇಳಿಯುವಾಗ ಫ್ಯಾನು ಮೊದಲು ನೆಲಕ್ಕೆ ತಾಗುವ ಜಾಗಗಳೇ ನಮ್ಮಲ್ಲಿ ಜಾಸ್ತಿ. ದೋಣಿ ತೇಲಿದ ಮೇಲೆ ಮೋಟಾರು ಇಳಿಸಿ. ಕಾರಿನಿಂದ ತಂದು ಹಾಕಿದ್ದಾದರೆ ಸ್ಟಾರ್ಟ್ ಮಾಡುವ ಮೊದಲು ಕ್ಲ್ಯಾಂಪನ್ನು ಇನ್ನೊಮ್ಮೆ ಬಿಗಿ ಮಾಡಿ, ಚೈನ್ ಹಾಕಿ. ಗಾಳಿ ಸ್ಕ್ರೂ ತೆರೆಯಲು ಮರೆತರೆ ಐದು ನಿಮಿಷ ಓಡಿ ಹೊಳೆಯ ಮಧ್ಯದಲ್ಲಿ ನಿಲ್ಲುತ್ತದೆ.

ಮನೆಗೆ ಬಂದ ಮೇಲೆ ಉಪ್ಪಿನ ಲೆಕ್ಕ

ನಾನು ಹೋದದ್ದು ಹೊಳೆಗೆ, ಸಮುದ್ರಕ್ಕಲ್ಲ ಎನ್ನುವ ಸಮಾಧಾನ ಬೇಡ. ಬೇಸಿಗೆಯಲ್ಲಿ ನಮ್ಮ ಹೊಳೆಗಳಲ್ಲಿ ಭರತದ ಜೊತೆ ಉಪ್ಪು ಬಹಳ ಒಳಗೆ ಬರುತ್ತದೆ. ನೇತ್ರಾವತಿಯಲ್ಲಿ ಉಳ್ಳಾಲದಿಂದ ತುಂಬೆ ಕಡೆಗೆ ಹೋಗುತ್ತಾ ನೀರು ಬಾಯಿಗೆ ಹಾಕಿ ನೋಡಿದರೆ ತಿಳಿಯುತ್ತದೆ. ಕೋಡಿ ಬೆಂಗ್ರೆಯಲ್ಲಿ ಸೀತಾ, ಸ್ವರ್ಣಾ ಸಮುದ್ರ ಸೇರುವಲ್ಲಂತೂ ಕೇಳುವುದೇ ಬೇಡ. ಮಳೆಗಾಲದಲ್ಲಿ ಉಪ್ಪು ಕಮ್ಮಿ, ಆದರೆ ಕೆಸರು. ಎರಡೂ ತಣ್ಣೀರು ಓಡುವ ಕಿರುದಾರಿಗಳಲ್ಲಿ ಕೂರುತ್ತವೆ. ಉಪ್ಪು ಒಣಗಿ ಗಟ್ಟಿಯಾದ ಮೇಲೆ ಅದನ್ನು ಕರಗಿಸುವುದು ಕಷ್ಟ. ಹಾಗಾಗಿ ತೊಳೆಯುವ ಕೆಲಸ ಅದೇ ದಿನ, ಮೀನು ಶುಚಿ ಮಾಡುವುದಕ್ಕೂ ಮುಂಚೆ.

ಎರಡು ದಾರಿ ಇವೆ. ಒಂದು, ನೀರು ಹೀರುವ ಜಾಲರಿಯ ಎರಡೂ ಬದಿಗೆ ಕಚ್ಚಿಕೊಳ್ಳುವ ರಬ್ಬರ್ ಕಪ್ಪುಗಳನ್ನು ಹಾಕಿ ಹೋಸ್ ಪೈಪ್ ಜೋಡಿಸುವುದು. ಇನ್ನೊಂದು, 200 ಲೀಟರಿನ ಡ್ರಮ್ಮಿನಲ್ಲಿ ನೀರು ತುಂಬಿ ಮೋಟಾರಿನ ಕಾಲು ಅದರಲ್ಲಿ ಮುಳುಗಿಸುವುದು. ಸಣ್ಣ ಮೋಟಾರಿಗೆ ಡ್ರಮ್ಮೇ ನನಗೆ ಇಷ್ಟ. ಕಾಲಿನ ಹೊರಮೈಯೂ ತೊಳೆದುಹೋಗುತ್ತದೆ, ಪೈಪ್ ಜಾರುವ ಭಯ ಇಲ್ಲ. ಡ್ರಮ್ಮು ಬಳಸುವುದಾದರೆ ಫ್ಯಾನ್ ಬಿಚ್ಚಿಡಿ, ನೀರು ಅಡ್ಡ ತಟ್ಟೆಯ ಮೇಲೆ ನಿಲ್ಲಬೇಕು. ಪೈಪ್ ಆದರೆ ಮೊದಲು ನಲ್ಲಿ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿ. ನೀರಿಲ್ಲದೆ ಸುಮ್ನೆ ಒಂದು ಸಲ ಸ್ಟಾರ್ಟ್ ಮಾಡಿ ನೋಡುವ ಚಾಳಿ ಹಲವರಿಗಿದೆ. ಎಂಜಿನಿಗೆ ತಣ್ಣೀರು ಎಳೆಯುವ ಪಂಪಿನ ರಬ್ಬರ್ ಚಕ್ರಕ್ಕೆ, ಅಂದರೆ ಇಂಪೆಲ್ಲರಿಗೆ, ನೀರೇ ಎಣ್ಣೆ. ಒಣಗಿ ತಿರುಗಿದರೆ ಕೆಲವೇ ಸೆಕೆಂಡುಗಳಲ್ಲಿ ಅದರ ರೆಕ್ಕೆಗಳು ಬೇಯುತ್ತವೆ.

ನ್ಯೂಟ್ರಲ್‌ನಲ್ಲಿ, ನಿಧಾನ ವೇಗದಲ್ಲಿ ಹತ್ತು ನಿಮಿಷ ಓಡಲಿ. ಥರ್ಮೋಸ್ಟಾಟ್ ಇರುವ ಮೋಟಾರಿನಲ್ಲಿ ಬಿಸಿಯಾದ ಮೇಲೆಯೇ ನೀರು ಎಲ್ಲ ಕಡೆ ಹೋಗುವುದು, ಎರಡು ನಿಮಿಷದ ಶಾಸ್ತ್ರಕ್ಕೆ ಪ್ರಯೋಜನ ಇಲ್ಲ. ಹಿಂದಿನ ಸಣ್ಣ ತೂತಿನಿಂದ ಬರುವ ನೀರಿನ ಧಾರೆ ನೋಡುತ್ತಿರಿ. ತೆಳ್ಳಗಾದರೆ ನಿಲ್ಲಿಸಿ.

ಕರಾವಳಿಯವರಿಗೆ ಇನ್ನೊಂದು ಪೇಚು. ಕಡಲಿಗೆ ಹತ್ತಿರದ ಮನೆಗಳಲ್ಲಿ ಏಪ್ರಿಲ್, ಮೇ ಬಂದರೆ ಬಾವಿ ನೀರೇ ಉಪ್ಪಾಗುತ್ತದೆ. ಅದರಲ್ಲಿ ತೊಳೆದರೆ ಉಪ್ಪಿನಿಂದ ಉಪ್ಪು ತೊಳೆದ ಹಾಗೆ. ನಲ್ಲಿ ನೀರು ಬಳಸಿ, ಇಲ್ಲವೇ ಡ್ರಮ್ಮಿಗೆ ಒಳ್ಳೆಯ ನೀರು ತುಂಬಿಸಿಟ್ಟುಕೊಳ್ಳಿ.

ತೊಳೆದ ಮೇಲೆ ನೆಟ್ಟಗೆ ನಿಲ್ಲಿಸಿ ನೀರು ಇಳಿಸಿ. ಫ್ಯಾನ್ ಬಿಚ್ಚಿದಾಗ ಅದರ ಹಿಂದಿನ ಶಾಫ್ಟನ್ನು ನೋಡಲೇಬೇಕು. ಗಾಳದ ನೈಲಾನ್ ದಾರ, ಹರಿದ ಬಲೆಯ ನೂಲು ಅಲ್ಲಿ ಸುತ್ತಿಕೊಂಡು ಸೀಲನ್ನು ಕೊಯ್ಯುತ್ತದೆ, ಹೊರಗಿನಿಂದ ಕಾಣಿಸುವುದಿಲ್ಲ. ಸೀಲ್ ಹೋದರೆ ಗೇರ್ ಆಯಿಲಿಗೆ ನೀರು ಸೇರುತ್ತದೆ. ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ ನಾಲ್ಕು ಹನಿ ಬೆರಳಿಗೆ ತೆಗೆದು ನೋಡಿ. ಬಿಳಿಚಿಕೊಂಡು ಹಾಲಿನಂತಾಗಿದ್ದರೆ ನೀರು ಸೇರಿದೆ, ಸೀಲ್ ಬದಲಾಯಿಸದೆ ಮುಂದೆ ಹೋಗಬೇಡಿ. ಹೊಸ ಆಯಿಲ್ ಹಾಕುವಾಗ ಕೆಳಗಿನ ತೂತಿನಿಂದಲೇ ತುಂಬಿ, ಮೇಲಿನ ತೂತಿನಲ್ಲಿ ಉಕ್ಕಿದಾಗ ನಿಲ್ಲಿಸಿ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ.

ಕಾಲಿಗೆ ಅಂಟಿಸಿದ ಬೂದುಬಣ್ಣದ ಲೋಹದ ತುಂಡು ಆನೋಡ್. ಮೋಟಾರಿನ ಬದಲು ತಾನು ಸವೆಯುವುದೇ ಅದರ ಕೆಲಸ. ಅರ್ಧಕ್ಕೆ ಇಳಿದರೆ ಬದಲಿಸಿ, ಪೇಂಟ್ ಬಳಿಯಬೇಡಿ. ಉಪ್ಪುನೀರಿಗೆ ಸತುವು ಅಥವಾ ಅಲ್ಯೂಮಿನಿಯಂ, ಅಳಿವೆಯ ಬೆರಕೆ ನೀರಿಗೆ ಅಲ್ಯೂಮಿನಿಯಂ ಒಳ್ಳೆಯದು. ಸಿಹಿನೀರಿನ ಮೆಗ್ನೀಷಿಯಂ ಆನೋಡ್ ನಮ್ಮ ಹೊಳೆಬಾಯಲ್ಲಿ ನೋಡುತ್ತಿದ್ದಂತೆ ಕರಗಿಹೋಗುತ್ತದೆ.

ಕ್ಲ್ಯಾಂಪ್ ಸ್ಕ್ರೂ, ಬ್ರಾಕೆಟ್ಟಿನ ಪಿನ್ನುಗಳಿಗೆ ಮರೈನ್ ಗ್ರೀಸ್ ಹಚ್ಚಿ.

ನೀರಿನಲ್ಲೇ ಎಳೆಸಿಕೊಳ್ಳುವಾಗ

ಮೋಟಾರು ಕೆಟ್ಟು ಬೇರೆ ದೋಣಿ ಎಳೆಯುವುದಾದರೆ ಫ್ಯಾನ್ ಪೂರ್ತಿ ನೀರಿನಿಂದ ಮೇಲೆ ಬರುವ ಹಾಗೆ ಎತ್ತಿ ಲಾಕ್ ಮಾಡಿ. ಎತ್ತಲಾಗದಿದ್ದರೆ ನ್ಯೂಟ್ರಲ್‌ಗೆ ಹಾಕಿ ಹ್ಯಾಂಡಲನ್ನು ನೇರಕ್ಕೆ ಕಟ್ಟಿ, ನಿಧಾನ ಹೋಗಲು ಮುಂದಿನವರಿಗೆ ಹೇಳಿ. ಖಾಲಿ ಸಣ್ಣ ದೋಣಿಯನ್ನು ದೂರ ಎಳೆಯುವುದಾದರೆ ಮೋಟಾರನ್ನು ಬಿಚ್ಚಿ ದೊಡ್ಡ ದೋಣಿಗೆ ಹತ್ತಿಸಿ. ಹಿಂದೆ ಭಾರ ಇರುವ ಖಾಲಿ ದೋಣಿ ಅಲೆಗೆ ಬೇಗ ಮಗುಚುತ್ತದೆ.

ಮಳೆಗಾಲ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, 10 ಎಚ್‌ಪಿ ಒಳಗಿನ ಮೋಟಾರಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಹವ್ಯಾಸಕ್ಕೆ ಹೋಗುವವರು ಎಷ್ಟು ಎಚ್‌ಪಿ ಇದ್ದರೂ ಈ ಸಮಯದಲ್ಲಿ ಅಳಿವೆಯ ಹತ್ತಿರ ಸುಳಿಯದಿರುವುದು ಲೇಸು. ಮೋಟಾರನ್ನು ಟ್ರೇಲರ್ ಮೇಲೆ ಮಳೆಗೆ ಬಿಡದೆ ಬಿಚ್ಚಿ, ಮರದ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ. ಕಾರ್ಬ್ಯುರೇಟರ್ ಖಾಲಿ ಇರಲಿ. ಪ್ಲಗ್ ಬಿಚ್ಚಿ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಹಗ್ಗವನ್ನು ನಿಧಾನಕ್ಕೆ ಎರಡು ಮೂರು ಸಲ ಎಳೆದು ಪ್ಲಗ್ ಹಾಕಿಡಿ. ಗೇರ್ ಆಯಿಲ್ ಬದಲಿಸುವುದಿದ್ದರೆ ಈಗಲೇ ಬದಲಿಸಿ, ನೀರು ಸೇರಿದ ಆಯಿಲ್ ಎರಡು ತಿಂಗಳು ಗೇರಿನ ಮೇಲೆ ಕೂರಬಾರದು. ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ಬೆವರುತ್ತದೆ. ಹಳೆಯ ಹತ್ತಿ ಬೆಡ್‌ಶೀಟ್ ಸಾಕು.

ಮಳೆ ಬಿಟ್ಟ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ನೀರು ಹೊರಬರುವ ತೂತನ್ನು ನೋಡಿ. ಕಣಜಗಳಿಗೆ ಅಲ್ಲಿ ಮಣ್ಣಿನ ಗೂಡು ಕಟ್ಟುವುದೆಂದರೆ ಬಲು ಇಷ್ಟ. ಧಾರೆ ಬರಲಿಲ್ಲ ಎಂದು ಪಂಪು ಬಿಚ್ಚಲು ಹೊರಡುವ ಮೊದಲು ದಪ್ಪ ನೈಲಾನ್ ದಾರವನ್ನು ಅದರೊಳಗೆ ತೂರಿಸಿ ಆಡಿಸಿ ನೋಡಿ.